ಗೋಡೆಗೆ ಗುರುತಿಲ್ಲದ ಕಣ್ಣು

ಒಂಬತ್ತನೆಯ ಓಣಿ, ಒಳಊರು, ರಾಯಚೂರು ಬಂಡೆಬೆಟ್ಟ
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ಮುಚ್ಚುಗಾಲದ ನೂರ ನಲವತ್ತೆಂಟನೆಯ ದಿನ

ನನಗಿಂತ ಮೊದಲೇ ಬಾಳುತ್ತಿರುವ ಹಿರಿಯರೇ,

ಮೇಲಿನ ಇಸವಿಯನ್ನು ಓದಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಬದಿಗಿಡಬೇಡಿ. ಇಸವಿ ಸರಿಯಾಗಿದೆ. ತಪ್ಪುಗಳಿದ್ದರೆ ನನ್ನ ಮಾತಿನಲ್ಲಿ ಇರಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಾಗದದಿಂದ. ಇಲ್ಲಿಯ ದಾಖಲೆಮನೆಯಲ್ಲಿ ಹಳೆಯ ಪತ್ರಿಕೆಗಳು ಪುಡಿಯಾಗುವ ಮೊದಲು ಅವುಗಳನ್ನು ಕೈಯಲ್ಲಿ ನಕಲು ಮಾಡಿಡುವುದು ಮೂವತ್ತೆರಡು ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ನನ್ನ ಬರವಣಿಗೆ ಒಮ್ಮೆ ಕಚೇರಿಯ ನೋಟೀಸಿನಂತೆ, ಇನ್ನೊಮ್ಮೆ ಮದುವೆಯ ಕರೆಯೋಲೆಯಂತೆ ಕೇಳಿಸಬಹುದು. ಮನ್ನಿಸಿ. ನಿಮ್ಮಲ್ಲಿಲ್ಲದ ಕೆಲವು ಸಂಗತಿಗಳಿಗೆ ನಮ್ಮ ಪದಗಳನ್ನೇ ಬಳಸಬೇಕಾಗುತ್ತದೆ. ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಹುಲಿಗೆಮ್ಮ. ವಯಸ್ಸು ಅರವತ್ತಮೂರು. ಗಂಡ ಮೌನೇಶ. ಮಕ್ಕಳಿಲ್ಲ.

ನಾವು ಬಂಡೆಯ ಒಳಗೆ ಇರುತ್ತೇವೆ. ಹೊರಗಿನ ಬಿಸಿಲು ಮನುಷ್ಯರ ಮೈಗೆ ತಡೆಯದ ಇನ್ನೂರ ತೊಂಬತ್ತು ದಿನಗಳಿಗೆ ಮುಚ್ಚುಗಾಲ ಎನ್ನುತ್ತೇವೆ. ಆಗ ಬೆಟ್ಟದ ಬಾಗಿಲು ಮುಚ್ಚುತ್ತದೆ. ಉಳಿದ ಎಪ್ಪತ್ತೈದು ದಿನ ಬಿಚ್ಚುಗಾಲ. ಆಗ ಹೊರಗೆ ಹೋಗಿ ಜೋಳ ಬಿತ್ತುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ, ಮದುವೆಗಳನ್ನು ಮಾಡುತ್ತೇವೆ, ಸುಮ್ಮನೆ ನಿಂತು ದೂರ ನೋಡುತ್ತೇವೆ. ಮುಚ್ಚುಗಾಲದಲ್ಲಿ ದೂರ ಎಂಬುದೇ ಇಲ್ಲ. ಒಂದು ಮನೆ ಎಂದರೆ ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಕೋಣೆ. ತಂಪು ಗಾಳಿ ತಲೆಗಿಷ್ಟು ಎಂದು ಕೊಳವೆಯಲ್ಲಿ ಬರುತ್ತದೆ. ಅದಕ್ಕೆ ತಂಪುಪಾಲು ಎನ್ನುತ್ತೇವೆ. ಇಬ್ಬರಿರುವ ಕೋಣೆಗೆ ಇಬ್ಬರ ಪಾಲು. ಬೆಳಿಗ್ಗೆ ನೀರು ಹಿಡಿಯಲು ಅರ್ಧ ತಾಸು ಬಾಗಿಲು ತೆರೆದು ಓಣಿಯ ಕೊನೆಗೆ ಹೋಗಬಹುದು. ಅದು ಬಿಟ್ಟರೆ ಅಡುಗೆ, ನಿದ್ದೆ, ಮತ್ತು ಹೊನಲು.

ಹೊನಲು ಎಂದರೆ ನಿಮ್ಮ ಕಾಲದಲ್ಲಿ ಮನೆಮನೆಗೆ ಸಿನಿಮಾ, ಸೀರಿಯಲ್ಲು ಹರಿದು ಬರುತ್ತಿದ್ದವಲ್ಲ, ಅದರ ಮೊಮ್ಮಗಳ ಮೊಮ್ಮಗಳು. ಪ್ರತಿ ಕೋಣೆಯ ಒಂದು ಗೋಡೆ ಇಡಿಯಾಗಿ ಚಿತ್ರ ತೋರಿಸುತ್ತದೆ. ಅದು ನಿಮ್ಮನ್ನೂ ನೋಡುತ್ತದೆ. ಕಣ್ಣು ಎಲ್ಲಿ ನಿಂತಿತು, ಉಸಿರು ಯಾವಾಗ ನಿಧಾನವಾಯಿತು ಎಂದು ಗಮನಿಸಿ, ಮುಂದಿನದನ್ನು ತಾನೇ ಆರಿಸುತ್ತದೆ. ಇದರಲ್ಲಿ ಯಾರ ಕೇಡೂ ಇಲ್ಲ. ಸಮಾಧಾನವಾಗಿರುವ ಮನುಷ್ಯ ಕಡಿಮೆ ಗಾಳಿ ಎಳೆಯುತ್ತಾನೆ, ಎಲ್ಲರೂ ಸಮಾಧಾನವಾಗಿದ್ದರೆ ಬೆಟ್ಟದ ಗಾಳಿ ಎಲ್ಲರಿಗೂ ಸಾಲುತ್ತದೆ ಎಂಬ ಯೋಚನೆಯಿಂದ ನಮ್ಮ ಅಜ್ಜಂದಿರು ಮಾಡಿಕೊಂಡ ಏರ್ಪಾಡು ಅದು. ನಲವತ್ತು ಲಕ್ಷ ಚಿತ್ರಗಳು ಅದರಲ್ಲಿವೆಯಂತೆ. ನಿಮ್ಮ ಕಾಲದವೂ ಇವೆ. ಆದರೆ ನಮ್ಮ ಗೋಡೆಯ ಮೇಲೆ ಬರುವುದು ಐವತ್ತು. ಅವೇ ಐವತ್ತು ಮುಖ ಬದಲಿಸಿಕೊಂಡು ಬರುತ್ತವೆ. ಚಿತ್ರಗಳಿಗೆ ಎಲ್ಲರೂ ಕರೆಯುವಂಥ ಒಂದು ಹೆಸರೂ ಇಲ್ಲ. ನನಗೆ ಹಿಡಿಸುವ ಹೆಸರನ್ನು ನನ್ನ ಗೋಡೆ ಇಡುತ್ತದೆ, ನಿಮಗೆ ಹಿಡಿಸುವುದನ್ನು ನಿಮ್ಮದು. ಇಬ್ಬರು ಒಂದೇ ಚಿತ್ರವನ್ನು ನೋಡಿದ್ದರೂ ಅದು ಅವರಿಗೆ ತಿಳಿಯುವಂತಿಲ್ಲ.

ದಾಖಲೆಮನೆಯಲ್ಲಿ ನಿಮ್ಮ ಕಾಲದ ಒಬ್ಬರ ಪತ್ರವನ್ನು ನಕಲು ಮಾಡಿದ್ದು ನೆನಪಿದೆ. ನೋಡಲು ಒಳ್ಳೆಯದೊಂದು ಸಿನಿಮಾ ಹುಡುಕುತ್ತ ಹುಡುಕುತ್ತ ಒಂದು ತಾಸು ಕಳೆಯಿತು, ತಟ್ಟೆಯಲ್ಲಿದ್ದ ಅನ್ನ ಆರಿಹೋಯಿತು, ಕೊನೆಗೆ ಏನೂ ನೋಡದೆ ಮಲಗಿದೆ ಎಂದು ಅವರು ಪತ್ರಿಕೆಗೆ ದೂರು ಬರೆದಿದ್ದರು. ಬರೆಯುತ್ತಿದ್ದ ಕೈ ನಿಲ್ಲಿಸಿ ನಾನು ಆ ಮನುಷ್ಯನ ಬಗ್ಗೆ ಹೊಟ್ಟೆಕಿಚ್ಚು ಪಟ್ಟೆ. ಅವರಿಗೆ ಹುಡುಕಲು ಬಿಟ್ಟಿದ್ದರು.

ಹೋದ ವರ್ಷ ಮುಚ್ಚುಗಾಲದ ಇಪ್ಪತ್ತನೆಯ ದಿನ ನನ್ನ ಗಂಡ ನೀರಿನ ಕೊಡ ಹಿಡಿದುಕೊಂಡು ಓಣಿಯಲ್ಲಿ ಬರುತ್ತ ಜಾರಿ ಬಿದ್ದರು. ಸೊಂಟದ ಕೀಲು ಮುರಿಯಿತು. ಬೆಟ್ಟದ ವೈದ್ಯೆ ಬಂದು ಕಟ್ಟು ಹಾಕಿ, ಬಿಚ್ಚುಗಾಲ ಬರುವ ತನಕ ಮಂಚ ಬಿಟ್ಟು ಇಳಿಯಬಾರದು ಎಂದಳು. ಮಂಚದ ಕಾಲದೆಸೆಗೆ ಗೋಡೆ. ಮೊದಲ ಹತ್ತು ದಿನ ಅವರು ನೋವಿನ ಔಷಧಿಯ ಮಂಪರಿನಲ್ಲಿದ್ದರು. ಆಗ ಗೋಡೆಯ ಮೇಲೆ ಇಬ್ಬರು ಗಡಿಯಾರದ ಹಾಗೆ ಒಬ್ಬರನ್ನೊಬ್ಬರು ಹೊಡೆಯುತ್ತಲೇ ಇರುವ ಯಾವುದೋ ಕಾಳಗ ಓಡುತ್ತಿತ್ತು. ಅದನ್ನು ನೋಡುತ್ತ ಅವರ ಉಸಿರು ನಿಧಾನವಾಯಿತು. ಔಷಧಿಯಿಂದ ನಿಧಾನವಾಯಿತೆಂದು ಗೋಡೆಗೆ ಯಾರು ಹೇಳಬೇಕು? ಅಂದಿನಿಂದ ಅದು ಕಾಳಗವನ್ನು ಬಿಟ್ಟು ಬೇರೇನನ್ನೂ ತರಲಿಲ್ಲ. ಕಾಡಿನಲ್ಲಿ ಕಾಳಗ, ಮಂಜಿನಲ್ಲಿ ಕಾಳಗ, ಅರಮನೆಯ ಮೆಟ್ಟಿಲ ಮೇಲೆ ಕಾಳಗ. ಯಾರೂ ಗೆಲ್ಲುತ್ತಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ.

ಮೌನೇಶ ಮಾತಿನ ಮನುಷ್ಯ. ಹೆಸರಿಗೂ ಗುಣಕ್ಕೂ ಸಂಬಂಧವಿಲ್ಲವೆಂದು ಓಣಿಯವರು ಅವರನ್ನು ಕಾಡಿಸುತ್ತಿದ್ದರು. ಅಂಥವರ ಮಾತು ಒಂದೊಂದಾಗಿ ನಿಂತಿತು. ಮೊದಲು ಊಟದ ರುಚಿ ಹೇಳುವುದು ಬಿಟ್ಟರು. ಆಮೇಲೆ ನನ್ನ ಹೆಸರು ಹಿಡಿದು ಕರೆಯುವುದು ಬಿಟ್ಟರು. ಮುಚ್ಚುಗಾಲದ ಅರವತ್ತನೆಯ ದಿನದ ಹೊತ್ತಿಗೆ ಬೇಕು, ಬೇಡ ಎಂಬುದಕ್ಕೂ ಬೆರಳು ಎತ್ತುತ್ತಿದ್ದರು. ಕಣ್ಣು ಮುಚ್ಚಿದರೂ ರೆಪ್ಪೆಯ ಮೇಲೆ ಆ ಬೆಳಕು ಆಡುತ್ತಿತ್ತು. ಗೋಡೆಯ ಬೆಳಕನ್ನು ನಂದಿಸಲು ಮುಚ್ಚುಗಾಲದಲ್ಲಿ ಅನುಮತಿಯಿಲ್ಲ. ಸೀರೆ ಇಳಿಬಿಟ್ಟೆ. ಸೀರೆಯ ಹಿಂದಿನಿಂದಲೂ ಬೆಳಕು ಬಂತು.

ಬೇರೆ ಚಿತ್ರ ಹುಡುಕಲು ನಾನು ಪಡದ ಪಾಡಿಲ್ಲ. ಗೋಡೆಗೆ ಬಾಯಿಬಿಟ್ಟು ಕೇಳಬಹುದು. ನಗಿಸುವಂಥದ್ದು ಕೊಡು ಎಂದರೆ ಇಬ್ಬರು ದಡೂತಿ ಮನುಷ್ಯರು ಕಾಳಗ ಮಾಡುವುದನ್ನು ಕೊಡುತ್ತಿತ್ತು. ಹಳೆಯದನ್ನು ಕೊಡು ಎಂದರೆ ಕಪ್ಪು ಬಿಳುಪಿನ ಕಾಳಗ. ಹೆಚ್ಚು ಒತ್ತಾಯ ಮಾಡಿದರೆ, "ಇದು ನಿಮಗೆ ಹಿಡಿಸದು" ಎಂದು ಮೃದುವಾಗಿ ಹೇಳಿ ಮತ್ತೆ ಅಲ್ಲಿಗೇ ಹೊರಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ನೋಡಿದರೂ ಪ್ರಯೋಜನವಿರಲಿಲ್ಲ. ಮೂವತ್ತೈದು ವರ್ಷದಿಂದ ನಮ್ಮಿಬ್ಬರ ಕಣ್ಣಿನ ಗುರುತೂ ಅದಕ್ಕಿದೆ. ಮಂಚದಲ್ಲಿರುವವರು ಮುಖ್ಯ, ನಾನು ಹೊಂದಿಕೊಳ್ಳುವವಳು ಎಂದು ಅದು ಎಂದೋ ತೀರ್ಮಾನಿಸಿತ್ತು. ಅದರಲ್ಲಿ ಅದರದು ತಪ್ಪಿಲ್ಲ.

ನೀರಿನ ಸಾಲಿನಲ್ಲಿ ನಿಂತು ಕಂಡ ಕಂಡವರನ್ನು ಕೇಳಿದೆ. ನೋಡಿ ಎರಡು ದಿನ ಮನಸ್ಸಿನಲ್ಲಿ ಉಳಿದಂಥ ಚಿತ್ರ ಯಾವುದಾದರೂ ಇದೆಯೇ ಎಂದು. ಒಬ್ಬಳು ನಕ್ಕಳು.

"ಅಕ್ಕೋರ, ನನ್ನ ಗ್ವಾಡಿ ನನಗ ತೋರಸ್ತದ, ನಿಮ್ಮದು ನಿಮಗ ತೋರಸ್ತದ. ನಂದು ತಗೊಂಡು ನೀವೇನ್ ಮಾಡ್ತೀರಿ?"

ದಾಖಲೆಮನೆಯಲ್ಲಿ ಕೆಲಸ ಮಾಡಿದ್ದರಿಂದ ಓಣಿಯವರು ನನ್ನನ್ನು ಅಕ್ಕೋರು ಎಂದು ಕರೆಯುತ್ತಾರೆ. ಗೌರವದ ಮಾತು ಅದು. ಅಂದು ಮಾತ್ರ ಅದು ನನಗೆ ಗೇಲಿಯಂತೆ ಕೇಳಿಸಿತು.

ಎಂಬತ್ತೊಂದನೆಯ ದಿನ ಬೆಳಿಗ್ಗೆ ಎರಡು ಬಾಗಿಲು ಆಚೆಯ ಶೇಖಮ್ಮ ನನ್ನಿಂದ ಒಯ್ದಿದ್ದ ಜರಡಿಯನ್ನು ಮರಳಿ ಕೊಡಲು ಬಂದಳು. ಎಪ್ಪತ್ತೈದು ದಾಟಿದ ಒಂಟಿ ಹೆಂಗಸು. ಎದೆ ಸ್ವಲ್ಪ ಬಲಹೀನ. ಇದ್ದ ಒಬ್ಬ ಮಗಳನ್ನು ಕಳೆದುಕೊಂಡು ಆರು ವರ್ಷವಾಗಿತ್ತು. ಆ ದಿನಗಳಲ್ಲಿ ತಾಯಿಯೊಬ್ಬಳು ಮಗುವನ್ನು ತೂಗುವ ಚಿತ್ರವೊಂದನ್ನು ನೋಡಿ ಅತ್ತಿದ್ದಳಂತೆ. ಅಂದಿನಿಂದ ಅವಳ ಗೋಡೆ ತೊಟ್ಟಿಲು ಬಿಟ್ಟು ಬೇರೆ ತೋರಿಸಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಅವಳು ಹೊಸಿಲಲ್ಲಿ ನಿಂತು ಜರಡಿ ಚಾಚುತ್ತ, ಅಭ್ಯಾಸದಿಂದ ನಮ್ಮ ಗೋಡೆಯ ಕಡೆ ನೋಡಿದಳು.

ಕಾಳಗ ನಿಂತಿತು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಆಮೇಲೆ ಗೋಡೆ ಇಡಿಯಾಗಿ ಬಿಳಿಚಿ, ಸುಣ್ಣ ಬಳಿದ ಬರಿ ಗೋಡೆಯಂತಾಯಿತು. ಅದರ ಮೇಲೆ ಎರಡು ಪದ ಮೂಡಿದವು: "ಏನು ಬೇಕು?"

ನನ್ನ ಅರವತ್ತೆರಡು ವರ್ಷದಲ್ಲಿ ಹೊನಲು ನನ್ನನ್ನು ಆ ಮಾತು ಕೇಳಿರಲಿಲ್ಲ. ಮೌನೇಶ ದಿಂಬಿನಿಂದ ತಲೆ ಎತ್ತಿದರು. ನಾನು ಹೆದರಿ ಬಾಗಿಲು ಮುಚ್ಚಹೋದೆ. ಹೆದರದವಳು ಶೇಖಮ್ಮ ಒಬ್ಬಳೇ. ಒಳಗೆ ಬಂದು, ಜರಡಿಯನ್ನು ಮಂಚದ ಮೇಲಿಟ್ಟು, ಗೋಡೆಗೆ ಮುಖಕೊಟ್ಟು ಏಳು ಅಂಕಿಯ ಒಂದು ಸಂಖ್ಯೆಯನ್ನು ಹೇಳಿದಳು.

ಪ್ರತಿ ಚಿತ್ರದ ಕೊನೆಯಲ್ಲಿ, ಮಾಡಿದವರ ಹೆಸರುಗಳೆಲ್ಲ ಮುಗಿದ ಮೇಲೆ, ಅದರ ಬೇರಂಕಿ ಎರಡು ಕ್ಷಣ ಕಾಣುತ್ತದೆ. ನನ್ನ ಗೋಡೆ ಏನು ಹೆಸರಿಟ್ಟರೂ ನಿಮ್ಮದು ಏನು ಹೆಸರಿಟ್ಟರೂ ಬೇರಂಕಿ ಬದಲಾಗದು. ಯಾರೂ ಅಲ್ಲಿಯ ತನಕ ಕೂರುವುದಿಲ್ಲ, ಅಷ್ಟರೊಳಗೆ ಹೊನಲು ಮುಂದಿನದಕ್ಕೆ ಜಿಗಿದಿರುತ್ತದೆ. ಶೇಖಮ್ಮ ಮಾತ್ರ ಹುಡುಗಿಯಾಗಿದ್ದಾಗಿನಿಂದ, ಅಷ್ಟು ಜನ ದುಡಿದು ಮಾಡಿದ್ದನ್ನು ಹೆಸರು ನೋಡದೆ ಎದ್ದು ಹೋಗುವುದು ಮರ್ಯಾದೆಯಲ್ಲ ಎಂದು ಕೈ ಅಡ್ಡ ಹಿಡಿದು ಗೋಡೆಯನ್ನು ತಡೆದು ಕೂರುತ್ತಿದ್ದಳು. ಮನಸ್ಸಿಗೆ ನಾಟಿದ ಹದಿನಾಲ್ಕು ಚಿತ್ರಗಳ ಬೇರಂಕಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಅವಳ ಗೋಡೆ ಆರು ವರ್ಷದಿಂದ ಆ ಸಂಖ್ಯೆಗಳನ್ನು ಒಪ್ಪುತ್ತಿರಲಿಲ್ಲ. ಇದು ನಿಮಗೆ ಹಿಡಿಸದು ಎನ್ನುತ್ತಿತ್ತು.

"ನಮ್ಮ ಗ್ವಾಡಿ ಹೆಂಗ ಒಪ್ಪಿತು ಯಕ್ಕ?" ಎಂದು ಕೇಳಿದೆ.

"ನನ್ನ ಕಣ್ಣಿನ ಗುರುತು ಅದಕ್ಕಿಲ್ಲಲ್ಲ ತಂಗಿ. ಯಾರಿಗಿ ಏನ್ ಹಾಕ್ಬೇಕಂತ ತಿಳೀಲಾರದ ಕೇಳಿಬಿಡ್ತು ನೋಡು" ಎಂದು ಅವಳು ನೆಲಕ್ಕೆ ಕೂತಳು. ನೀರಿನ ಹೊತ್ತು ಮುಗಿದು ಓಣಿಯ ಬಾಗಿಲುಗಳು ಮುಚ್ಚಿದ ಸದ್ದು ಕೇಳಿಸಿತು. ಅವಳು ಏಳಲಿಲ್ಲ. ನಾನೂ ಏಳು ಎನ್ನಲಿಲ್ಲ.

ಅಂದು ನೋಡಿದ್ದು ಎರಡು ಊರುಗಳ ನಡುವೆ ಬಸ್ಸು ಓಡಿಸುವ ಅಣ್ಣತಮ್ಮಂದಿರ ಕಥೆ. ಒಬ್ಬ ಡ್ರೈವರು, ಒಬ್ಬ ಕಂಡಕ್ಟರು. ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಸೀಟಿಯ ಸದ್ದಿನಲ್ಲೇ ಎಲ್ಲ ವ್ಯವಹಾರ. ಬಸ್ಸು, ಸೀಟಿ ಇವನ್ನು ನಾವು ಕಂಡವರಲ್ಲ. ಆದರೂ ತಮ್ಮ ಬೇಕೆಂದೇ ತಪ್ಪು ಸೀಟಿ ಊದಿದಾಗ ಅಣ್ಣ ಕನ್ನಡಿಯಲ್ಲಿ ನೋಡಿದ ನೋಟ ನಮಗೆ ತಿಳಿಯಿತು. ಅರ್ಧದಲ್ಲಿ ನನ್ನ ಬೆನ್ನ ಹಿಂದಿನಿಂದ ಒಂದು ಸದ್ದು ಬಂತು. ನೋವಾಯಿತೇನೋ ಎಂದು ತಿರುಗಿದೆ. ಮೌನೇಶ ನಗುತ್ತಿದ್ದರು.

"ಆ ತಮ್ಮನ ಮಾರಿ ನೋಡು ಹುಲಿಗಿ, ಕಳ್ಳ ಅದಾನ ಅವ" ಎಂದರು.

ಒಂದು ತಿಂಗಳ ಮೇಲೆ ಅವರ ಬಾಯಿಂದ ನನ್ನ ಹೆಸರು ಬಂದಿತ್ತು. ನಾನು ಒಲೆಯ ಕಡೆ ಹೋಗಿ ಸುಮ್ಮನೆ ಪಾತ್ರೆ ಸರಿಸಿದೆ.

ಆದರೆ ಗಾಳಿ ಇದ್ದದ್ದು ಇಬ್ಬರಿಗೆ. ಮೂವರು ಒಂದು ತಾಸು ಕೂತರೆ ಕೋಣೆ ಕಾಯುತ್ತದೆ, ಇನ್ನೊಂದು ಅರ್ಧ ತಾಸಿಗೆ ಗಾಳಿಗಾವಲಿಯ ಕಟ್ಟೆಯಲ್ಲಿ ಗಂಟೆ ಹೊಡೆಯುತ್ತದೆ. ಗಾಳಿಗಾವಲಿ ಎಂದರೆ ಓಣಿಯ ಗಾಳಿಯನ್ನು ಕಾಯುವವನು. ನಮ್ಮ ಓಣಿಗೆ ಆದೆಪ್ಪ. ಹಾಗಾಗಿ ನಾವು ಒಂದು ಚಿತ್ರವನ್ನು ಎರಡು ಮೂರು ದಿನಕ್ಕೆ ಹಂಚಿಕೊಂಡೆವು. ಶೇಖಮ್ಮ ಬೆಳಿಗ್ಗೆ ನೀರಿನ ಹೊತ್ತಿಗೆ ಬರುವುದು, ತಾಸು ಕಳೆದ ಮೇಲೆ ಯಾರೂ ಇಲ್ಲದ ಓಣಿಯಲ್ಲಿ ಗೋಡೆ ಹಿಡಿದು ಮರಳುವುದು. ಉಳಿದ ಸಂಖ್ಯೆಗಳನ್ನೂ ನಮಗೆ ಹೇಳಿಕೊಡು ಎಂದು ಒಮ್ಮೆ ಕೇಳಿದ್ದೆ. ಅವಳು ಕೊಡಲಿಲ್ಲ.

"ನಂಬರ ಕೊಟ್ರ ನನ್ನ ಯಾಕ ಕರೀತೀರಿ ನೀವು?" ಎಂದಳು. ನಗುತ್ತಲೇ ಹೇಳಿದಳು. ಆದರೆ ಆರು ವರ್ಷ ಅವಳ ಬಾಗಿಲು ತಟ್ಟದವರಲ್ಲಿ ನಾನೂ ಒಬ್ಬಳು.

ಎರಡನೆಯದು ಒಂದು ಹಳೆಯ ಆಸ್ಪತ್ರೆಯ ಅಡುಗೆಮನೆಯ ಕಥೆ, ಮೂರನೆಯದು ಕುರುಡ ಮಾವನಿಗೆ ಸೊಸೆ ದಿನವೂ ಪತ್ರಿಕೆ ಓದಿ ಹೇಳುತ್ತ, ಬರಬರುತ್ತ ಸುದ್ದಿಯನ್ನು ತಾನೇ ಕಟ್ಟತೊಡಗುವ ಕಥೆ. ಮೌನೇಶ ಮೂರನ್ನೂ ಜಗಳವಾಡುತ್ತ ನೋಡಿದರು. ಸೊಸೆ ಮಾಡಿದ್ದು ಮೋಸ ಎಂದು ಅವರು, ಮಾವನಿಗೆ ಮೊದಲಿಂದ ಗೊತ್ತಿತ್ತು ಎಂದು ಶೇಖಮ್ಮ. ಅವಳು ಹೋದ ಮೇಲೂ ಅವರು ನನ್ನೊಂದಿಗೆ ವಾದ ಮುಂದುವರಿಸುತ್ತಿದ್ದರು. ಊಟದಲ್ಲಿ ಉಪ್ಪು ಕಡಿಮೆ ಎಂದರು. ದಿಂಬು ಎತ್ತರಿಸು, ಸರಿಯಾಗಿ ಕಾಣುತ್ತಿಲ್ಲ ಎಂದರು. ಅವಳು ಹೋದ ಕೂಡಲೇ ಗೋಡೆ ತನ್ನ ಕಾಳಗಕ್ಕೆ ಮರಳುತ್ತಿತ್ತು. ಅವರು ಅದರತ್ತ ನೋಡದೆ ಛಾವಣಿ ನೋಡುತ್ತ ಮಾತಾಡುತ್ತಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಶೇಖಮ್ಮ ದಿನದಿಂದ ದಿನಕ್ಕೆ ಬಳಲುತ್ತಿದ್ದಳು. ಬರುವಾಗ ಇದ್ದ ಉಸಿರು ಹೋಗುವಾಗ ಇರುತ್ತಿರಲಿಲ್ಲ. ಮೇಲ್ತುಟಿಯ ಮೇಲೆ ಬೆವರು ನಿಲ್ಲುತ್ತಿತ್ತು. ಅದನ್ನು ನಾನು ಕಂಡಿದ್ದೆ. ಎರಡು ದಿನ ಬಿಟ್ಟು ಬಾ ಎಂದು ಹೇಳಬೇಕೆಂದು ಬಾಯಿಯ ತನಕ ಬಂದದ್ದೂ ಉಂಟು. ಹೇಳಲಿಲ್ಲ. ಆ ಎರಡು ದಿನ ನನ್ನ ಗಂಡ ಮತ್ತೆ ಬೆರಳು ಎತ್ತುವ ಮನುಷ್ಯನಾದರೆ ಎಂಬ ಹೆದರಿಕೆ. ಅವಳ ಉಸಿರನ್ನು ತೆಗೆದುಕೊಂಡು ನಾನು ಅವರಿಗೆ ಮಾತು ಕೊಡುತ್ತಿದ್ದೆ. ಇದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ನೀವು ದೂರದವರು, ಆದ್ದರಿಂದ ಹೇಳುತ್ತಿದ್ದೇನೆ.

ನಾಲ್ಕನೆಯ ಚಿತ್ರ ನಿಮ್ಮ ಕಾಲದ್ದು. ಮೊದಲ ದೃಶ್ಯದಲ್ಲೇ ನೀರು. ಅಷ್ಟು ನೀರನ್ನು ನಾವು ಮೂವರೂ ಕಂಡಿರಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹೊಳೆ. ನಾನು ತಿಳಿಯದೆ ಕಾಲು ಮೇಲಕ್ಕೆ ಎಳೆದುಕೊಂಡೆ. ಅಣೆಕಟ್ಟು ಕಟ್ಟಿದ್ದಾರೆ, ಊರು ಮುಳುಗಲಿದೆ, ಜನ ಗಂಟುಮೂಟೆ ಕಟ್ಟಿ ಹೋಗುತ್ತಿದ್ದಾರೆ. ಆ ಊರಿನಲ್ಲಿ ಹೊಲಿಗೆಯವಳೊಬ್ಬಳು, ಹೆಸರು ನೀಲಾಂಬಿಕೆ. ಹೊಲಿಯಲು ಕೊಟ್ಟು ಒಯ್ಯಲು ಮರೆತವರ ಬಟ್ಟೆಗಳು ಅವಳ ಹತ್ತಿರ ಉಳಿದಿವೆ. ಎಲ್ಲರೂ ದೋಣಿಗೆ ಓಡುವಾಗ ಅವಳು ಆ ಬಟ್ಟೆಗಳ ಗಂಟನ್ನು ಸೊಂಟದ ಮೇಲಿಟ್ಟು ಒಬ್ಬೊಬ್ಬರನ್ನೇ ಹುಡುಕಿ ಕೊಡುತ್ತಾಳೆ. ಒಬ್ಬ ಮುದುಕ ತನ್ನ ಅಂಗಿಯನ್ನು ನೋಡಿ, ಇದನ್ನು ಹಾಕಿಕೊಂಡು ಇನ್ನು ಎಲ್ಲಿಗೆ ಹೋಗಲಿ ಎನ್ನುತ್ತಾನೆ. ಆಕೆ ಗುಂಡಿ ಹಾಕಿಕೊಡುತ್ತಾಳೆ.

ಎರಡನೆಯ ದಿನ ಮುಂದಿನ ಭಾಗ. ನೀರು ಅಗಸೆಬಾಗಿಲಿಗೆ ಬಂದಿದೆ. ದಡದಲ್ಲಿ ಕೊನೆಯ ದೋಣಿ. ನೀಲಾಂಬಿಕೆಯ ಗಂಟಿನಲ್ಲಿ ಉಳಿದದ್ದು ಒಂದೇ ಒಂದು ಹಸಿರು ರವಿಕೆ. ಕೊಟ್ಟವಳು ಇನ್ನೂ ಬಂದಿಲ್ಲ. ಎಂದೋ ಊರು ಬಿಟ್ಟಳು ಎಂದು ಕೆಲವರು, ಗುಡ್ಡದ ಮನೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಕೆಲವರು. ಅಂಬಿಗ ಕರೆಯುತ್ತಿದ್ದಾನೆ. ನೀಲಾಂಬಿಕೆ ದೋಣಿಯ ಕಡೆ ನೋಡುತ್ತಾಳೆ, ಗುಡ್ಡದ ದಾರಿಯ ಕಡೆ ನೋಡುತ್ತಾಳೆ.

ತಾಸು ಎಂದೋ ದಾಟಿತ್ತು. ಕೋಣೆ ಕಾದ ಹೆಂಚಿನಂತಾಗಿತ್ತು. ಶೇಖಮ್ಮ ಕೈಯನ್ನು ನೆಲಕ್ಕೆ ಊರಿದ್ದನ್ನು ನಾನು ಓರೆಗಣ್ಣಿನಲ್ಲಿ ಕಂಡೆ. ಇನ್ನು ಸ್ವಲ್ಪ, ಇದೊಂದು ಮುಗಿಯಲಿ ಎಂದುಕೊಂಡೆ.

"ಹತ್ತಬ್ಯಾಡವಾ, ಗುಡ್ಡಕ ಹೋಗು" ಎಂದು ಮೌನೇಶ ಗೋಡೆಯ ಹೆಂಗಸಿಗೆ ಹೇಳುತ್ತಿದ್ದರು. "ಯಕ್ಕ, ಏನ್ ಮಾಡ್ತಾಳ ಆಕಿ? ಹೇಳಿಬಿಡು."

"ನೋಡು ತಮ್ಮ, ನೋಡು. ಹೇಳಿದ್ರ ಏನ್ ಬಂತು" ಎಂದಳು ಶೇಖಮ್ಮ. ಅಷ್ಟು ಹೇಳಿ ಪಕ್ಕಕ್ಕೆ ಒರಗಿದಳು. ತಲೆ ನೆಲಕ್ಕೆ ತಾಗಿದ ಸದ್ದು ಸಣ್ಣದು. ಅವಳ ಕಣ್ಣು ಮುಚ್ಚಿದ ಕೂಡಲೇ ಗೋಡೆ ಹೊಳೆಯನ್ನು ನುಂಗಿ ಕಾಳಗವನ್ನು ತಂದಿತು. ಅದೇ ಹೊತ್ತಿಗೆ ಗಂಟೆ.

ಆದೆಪ್ಪ ಇಬ್ಬರು ಆಳುಗಳೊಂದಿಗೆ ಓಡಿ ಬಂದ. ಒಳ್ಳೆಯವನು, ಬೈಯಲಿಲ್ಲ. ಅವಳ ಮುಖಕ್ಕೆ ನೀರು ತಟ್ಟಿ, ಎತ್ತಿ ಡೋಲಿಯಲ್ಲಿ ಮಲಗಿಸಿದ. ಕೆಳ ಓಣಿಗೆ ಒಯ್ಯಬೇಕು ಎಂದ. ಬೆಟ್ಟದ ತಳದಲ್ಲಿ, ಎಲ್ಲಕ್ಕಿಂತ ತಂಪಾದ ಜಾಗದಲ್ಲಿ, ಎದೆ ಸೋತವರನ್ನು ಇಡುವ ಸಾಲು ಅದು. ಅಲ್ಲಿಗೆ ಹೋದವರು ಬಿಚ್ಚುಗಾಲದ ತನಕ ಮೇಲೆ ಬರುವಂತಿಲ್ಲ, ಗಾಳಿಗಾವಲಿಗಳನ್ನು ಬಿಟ್ಟು ಮೇಲಿನ ಯಾರೂ ಅಲ್ಲಿಗೆ ಹೋಗುವಂತಿಲ್ಲ.

"ಆದೆಪ್ಪಾ, ನಂದ ತಪ್ಪಪ್ಪ. ಇಲ್ಲೇ ಇರ್ಲಿ, ನಾ ನೋಡ್ಕೋತೀನಿ" ಎಂದು ನಾನು ಡೋಲಿಯ ಕೋಲು ಹಿಡಿದೆ.

"ನಾ ಏನ್ ಮಾಡ್ಲಿ ಅಕ್ಕೋರ? ಗಂಟಿ ಹೊಡದದ. ಇಲ್ಲಿ ಇಟ್ರ ಉಳಿಯಾಂಗಿಲ್ಲ ಆಕಿ."

ಡೋಲಿ ಬಾಗಿಲು ದಾಟಿದಾಗ ಶೇಖಮ್ಮನಿಗೆ ಎಚ್ಚರವಾಯಿತು. ಎಲ್ಲಿಗೆ ಒಯ್ಯುತ್ತಿದ್ದಾರೆಂದು ತಿಳಿಯಿತು. ಅವಳು ಅಳಲಿಲ್ಲ. ಓಣಿಯ ಛಾವಣಿ ನೋಡುತ್ತ, ಇದ್ದಷ್ಟು ಉಸಿರಿನಲ್ಲಿ ಸಂಖ್ಯೆಗಳನ್ನು ಕೂಗತೊಡಗಿದಳು. ಒಂದು, ಇನ್ನೊಂದು, ಮತ್ತೊಂದು. ನನಗೆ ಅದು ಏನೆಂದು ಹೊಳೆಯಲು ಹೊತ್ತು ಹಿಡಿಯಿತು. ಬರೆದುಕೊಳ್ಳಲು ಏನೂ ಇರಲಿಲ್ಲ. ನಾನು ಡೋಲಿಯ ಹಿಂದೆ ಓಡುತ್ತ ಅಂಕಿಗಳನ್ನು ಹಿಡಿಯಲು ನೋಡಿದೆ, ಒಂದನ್ನು ಹಿಡಿದರೆ ಹಿಂದಿನದು ಜಾರುತ್ತಿತ್ತು. ಆಗ ತೆರೆದಿದ್ದ ನಮ್ಮ ಬಾಗಿಲಿನಿಂದ ಮೌನೇಶನ ದನಿ ಕೇಳಿಸಿತು. ಮಂಚದಿಂದ ಏಳಲಾರದ ಆ ಮನುಷ್ಯ ಅವಳು ಕೂಗಿದ ಒಂದೊಂದು ಸಂಖ್ಯೆಯನ್ನೂ ಹಾಗೆ ಹಾಗೆಯೇ ಮರಳಿ ಕೂಗುತ್ತಿದ್ದರು, ಕೇಳಿಸಿತು ಎಂದು ಅವಳಿಗೆ ಗೊತ್ತಾಗಲಿ ಎಂದು. ಓಣಿಯ ಬಾಗಿಲುಗಳ ಹಿಂದೆ ಎಲ್ಲರ ಗೋಡೆಗಳೂ ಆಡುತ್ತಿದ್ದವು. ಡೋಲಿ ಇಳಿಜಾರಿಗೆ ತಿರುಗುವ ತನಕ ಇವರಿಬ್ಬರೂ ಹೀಗೆ ಕೂಗಿಕೊಂಡರು. ಉಳಿದ ಹತ್ತರಲ್ಲಿ ಆರು ಮೌನೇಶನ ತಲೆಯಲ್ಲಿ ನಿಂತವು. ನಾಲ್ಕು ಹೋದವು.

ವಾರದೊಳಗೆ ಹೊಸ ಕಟ್ಟಳೆ ಬಂತು. ಗುರುತಿಲ್ಲದ ಕಣ್ಣು ಬಿದ್ದರೆ ಗೋಡೆ ಇನ್ನು ಮುಂದೆ ಏನು ಬೇಕು ಎಂದು ಕೇಳುವುದಿಲ್ಲ. ಕಪ್ಪಾಗುತ್ತದೆ, ಕಟ್ಟೆಯಲ್ಲಿ ಗಂಟೆ ಹೊಡೆಯುತ್ತದೆ. ಕಟ್ಟಳೆ ಮಾಡಿದವರನ್ನು ನಾನು ಬೈಯಲಾರೆ. ಅವರು ಹೇಳಿದ ಕಾರಣ ಶೇಖಮ್ಮ. ಆ ಆರು ಸಂಖ್ಯೆಗಳನ್ನೂ ನೀಲಾಂಬಿಕೆಯ ಚಿತ್ರದ ಸಂಖ್ಯೆಯನ್ನೂ ನಾವಿಬ್ಬರೇ ಗೋಡೆಗೆ ಹೇಳಿ ನೋಡಿದೆವು. ಇದು ನಿಮಗೆ ಹಿಡಿಸದು ಎಂದಿತು.

ನಾನು ಆದೆಪ್ಪನ ಕೈಯಲ್ಲಿ ಕೆಳ ಓಣಿಗೆ ಒಂದು ಮಾತು ಕಳಿಸಿದೆ. ನನ್ನನ್ನು ಮನ್ನಿಸು ಎಂದು ಹೇಳಿ ಕಳಿಸಲು ನಾಲಿಗೆ ಏಳಲಿಲ್ಲ. ನೀಲಾಂಬಿಕೆ ಏನು ಮಾಡಿದಳು ಎಂದು ಕೇಳಿ ಕಳಿಸಿದೆ. ಮೂರು ದಿನದ ಮೇಲೆ ಅವನು ನೀರಿನ ಹೊತ್ತಿನಲ್ಲಿ ಬಂದು ನಿಂತ.

"ಹೇಳಾಂಗಿಲ್ಲಂತ್ರಿ ಅಕ್ಕೋರ. ಬಿಚ್ಚುಗಾಲಕ್ಕ ಮ್ಯಾಲ ಬರ್ತೀನಿ, ನಿಮ್ ಜೋಡಿ ಕುಂತು ನೋಡ್ತೀನಿ ಅಂದಾಳ."

ಬಿಚ್ಚುಗಾಲಕ್ಕೆ ಇನ್ನೂ ನಲವತ್ತು ದಿನವಿರುವಾಗ ಶೇಖಮ್ಮ ತೀರಿಕೊಂಡಳು. ಮಣ್ಣಿಗೆ ನಾವು ಹೋಗುವಂತಿರಲಿಲ್ಲ. ಬಿಚ್ಚುಗಾಲ ಬಂದಾಗ ಮೌನೇಶ ಕೋಲು ಹಿಡಿದು ಅವಳ ಸಮಾಧಿಯ ತನಕ ನಡೆದು ಹೋದರು. ನಾನು ಹಿಂದೆ ನಡೆದೆ. ಹೇಳಬೇಕಾದದ್ದನ್ನು ಅಲ್ಲಿ ಮಣ್ಣಿಗೆ ಹೇಳಿದೆ.

ಈಗ ಮತ್ತೆ ಮುಚ್ಚುಗಾಲ. ಈ ಸಲ ಹತ್ತು ದಿನ ಮೊದಲೇ ಬಾಗಿಲು ಹಾಕಿದರು. ಬರುವ ವರ್ಷ ಇನ್ನೂ ಮೊದಲು ಹಾಕುತ್ತಾರೆ ಎನ್ನುತ್ತಾರೆ. ಗೋಡೆ ಕಾಳಗ ತೋರಿಸುತ್ತಲೇ ಇದೆ. ಆದರೆ ಬೆಳಗಿನ ಅರ್ಧ ತಾಸು ಮೌನೇಶ ಹೊಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕೊಡ ಹಿಡಿದು ಸಾಲಿನಲ್ಲಿ ನಿಂತವರಿಗೆ ಅಣ್ಣತಮ್ಮಂದಿರ ಬಸ್ಸಿನ ಕಥೆ, ಆಸ್ಪತ್ರೆಯ ಅಡುಗೆಯವರ ಕಥೆ, ಸೊಸೆ ಕಟ್ಟಿದ ಸುದ್ದಿಯ ಕಥೆಗಳನ್ನು ದಿನಕ್ಕಿಷ್ಟು ಎಂದು ಹೇಳುತ್ತಾರೆ. ಜನ ಕೊಡ ತುಂಬಿದ ಮೇಲೂ ನಿಲ್ಲುತ್ತಾರೆ. ಸೊಸೆ ಮಾಡಿದ್ದು ಸರಿಯೇ ತಪ್ಪೇ ಎಂದು ಓಣಿ ಎರಡಾಗಿದೆ. ನನ್ನನ್ನು ನೋಡಿ ನಕ್ಕಿದ್ದವಳು ಈಗ ಎಲ್ಲರಿಗಿಂತ ಮೊದಲು ಬಂದು ನಿಂತು, ಮಾವನ ಪರವಾಗಿ ಜೋರು ಮಾಡುತ್ತಾಳೆ. ನಾನು ಹುಟ್ಟಿದ ಮೇಲೆ ಈ ಓಣಿಯ ಜನ ಒಂದೇ ಕಥೆಯ ಬಗ್ಗೆ ಮಾತಾಡಿದ್ದನ್ನು ಕೇಳಿದ್ದು ಇದೇ ಮೊದಲು. ಆ ಆರು ಬೇರಂಕಿಗಳೂ ಬಾಯಿಂದ ಬಾಯಿಗೆ ದಾಟಿವೆ. ತೆರೆಯಲಾಗದಿದ್ದರೂ ಜನ ಅವನ್ನು ಕಲಿತಿದ್ದಾರೆ. ಯಾಕೆ ಎಂದು ಕೇಳಿದರೆ, ಇರಲಿ ಎನ್ನುತ್ತಾರೆ.

ನಾಲ್ಕನೆಯ ಕಥೆಯನ್ನು ಅವರು ದೋಣಿಯ ತನಕ ಹೇಳಿ ನಿಲ್ಲಿಸುತ್ತಾರೆ. "ಮುಂದೇನಾತ್ರಿ?" ಎಂದು ಎಲ್ಲರೂ ಕೇಳುತ್ತಾರೆ. ನೀವೇ ಒಂದು ಕೊನೆ ಕಟ್ಟಿ ಹೇಳಬಾರದೆ ಎಂದು ನಾನೂ ಒಮ್ಮೆ ಕೇಳಿದೆ. "ನಾ ನೋಡಿಲ್ಲ ಹುಲಿಗಿ. ನೋಡದ್ದು ಹೆಂಗ ಹೇಳ್ಲಿ? ಆ ಯಕ್ಕ ಏನ್ ಅಂದಾಳು?" ಎಂದರು. ಆಮೇಲೆ ಇಡೀ ದಿನ ಸುಮ್ಮನಿದ್ದರು. ಅಂಥ ದಿನಗಳು ಈಗ ಹೆಚ್ಚಾಗುತ್ತಿವೆ. ಬೆರಳು ಎತ್ತುವ ಮನುಷ್ಯ ಅವರೊಳಗೆ ಎಲ್ಲೋ ಕಾದು ಕೂತಿದ್ದಾನೆ ಎಂದು ನನಗೆ ದಿಗಿಲು.

ಹಿರಿಯರೇ, ಆ ಚಿತ್ರ ನಿಮ್ಮ ಕಾಲದ್ದು. ನಿಮ್ಮಲ್ಲಿ ಅದಕ್ಕೆ ಎಲ್ಲರೂ ಕರೆಯುವ ಒಂದು ಹೆಸರು ಇದ್ದೇ ಇರುತ್ತದೆ. ನಿಮ್ಮ ಹೊನಲಿನ ಯಾವುದೋ ಮೂಲೆಯಲ್ಲಿ, ನೀವು ಬೆರಳಿನಿಂದ ಸರಿಸಿ ಮುಂದೆ ಹೋದ ಸಾಲಿನಲ್ಲಿ ಅದು ಇರಬಹುದು. ದಯವಿಟ್ಟು ಹಿಂದಕ್ಕೆ ಸರಿಸಿ ಹುಡುಕಿ. ಸಿಕ್ಕರೆ ಒಬ್ಬರೇ ನೋಡಬೇಡಿ, ಪಕ್ಕದ ಮನೆಯವರನ್ನು ಕರೆಯಿರಿ, ನಿಮಗೆ ಗಾಳಿಯ ಕೊರತೆಯಿಲ್ಲ. ನೋಡಿ ಮುಗಿದ ಮೇಲೆ ಕೊನೆಯನ್ನು ಒಂದು ಗಟ್ಟಿ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದು ಯಾವುದಾದರೂ ಪುಸ್ತಕದೊಳಗೆ ಇಡಿ. ನೀಲಿ ಮಸಿ ಉಳಿಯುವುದಿಲ್ಲ, ನಾನು ಕಂಡಿದ್ದೇನೆ. ಪುಡಿಯಾಗುವ ಮೊದಲು ಇಲ್ಲಿ ಯಾರಾದರೂ ನಕಲು ಮಾಡುತ್ತಾರೆ. ಉದ್ದ ಬರೆಯಬೇಕಾಗಿಲ್ಲ. ನೀಲಾಂಬಿಕೆ ದೋಣಿ ಹತ್ತಿದಳೋ, ಗುಡ್ಡದ ದಾರಿ ಹಿಡಿದಳೋ, ಅಷ್ಟು ಸಾಕು.

ಇಂತು ನಿಮ್ಮ ಉತ್ತರವನ್ನು ಕೋಣೆಗೆ ತಂದಿಟ್ಟುಕೊಂಡ ಹಳೆಯ ಕಾಗದಗಳಲ್ಲಿ ದಿನವೂ ಹುಡುಕುತ್ತಿರುವ,
ಹುಲಿಗೆಮ್ಮ